ಪದಚರ್ಚೆ: ‘ನೋ ರೂಟ್ ಟು ಹೋಸ್ಟ್’ – ಹಾದಿಯೇ ಇಲ್ಲವೋ, ಹಾದಿಯಿದ್ದೂ ಮುಟ್ಟಲಿಲ್ಲವೋ?

ಬಳಗದ ಹಿರಿಯರಿಗೂ ಗೆಳೆಯರಿಗೂ ಶರಣು.

ಲಿನಕ್ಸ್ ವ್ಯವಸ್ಥೆಯಲ್ಲಿ ಬರುವ ಎರಡು ದೋಷಸಂದೇಶಗಳಿಗೆ ಕನ್ನಡ ಬೇಕಾಗಿದೆ. ಒಂದು ‘ನೆಟ್‌ವರ್ಕ್ ಈಸ್ ಅನ್‌ರೀಚಬಲ್’, ಇನ್ನೊಂದು ‘ನೋ ರೂಟ್ ಟು ಹೋಸ್ಟ್’. ನಾನು ಕಲಬುರಗಿಯಲ್ಲಿ ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಲಿನಕ್ಸ್ ಲ್ಯಾಬ್ ನಡೆಸುತ್ತೇನೆ. ಆಳಂದ, ಅಫಜಲಪುರ, ಚಿಂಚೋಳಿ ಕಡೆಯಿಂದ ಹತ್ತನೆಯತನಕ ಕನ್ನಡದಲ್ಲೇ ಓದಿ ಬಂದವರು ಬಹಳ. ರೂಟಿಂಗ್ ಟೇಬಲ್‌ನಲ್ಲಿ (ಯಾವ ವಿಳಾಸಕ್ಕೆ ಯಾವ ಹಾದಿ ಎಂದು ಯಂತ್ರ ಇಟ್ಟುಕೊಳ್ಳುವ ಪಟ್ಟಿ) ದೋಷ ಹುಡುಕುವುದು ಹೇಗೆಂದು ಅವರಿಗೊಂದು ಕೈಪಿಡಿ ಬರೆಯುತ್ತಿದ್ದೇನೆ. ಅದರಲ್ಲಿ ಪದಗಳು ಚೆಂದ ಇದ್ದರಷ್ಟೇ ಸಾಲದು, ಓದಿದ ಹುಡುಗ ಸರಿಯಾದ ಜಾಗದಲ್ಲಿ ತಪಾಸಣೆ ಶುರು ಮಾಡಬೇಕು. ನನ್ನ ಚರ್ಚೆಯೆಲ್ಲ ಇದರ ಸುತ್ತಲೇ.

ಕೈಗೆ ಸಿಕ್ಕ ಕನ್ನಡೀಕರಣಗಳಲ್ಲಿ ಮೊದಲನೆಯದು ‘ಜಾಲವನ್ನು ತಲುಪಲಾಗುತ್ತಿಲ್ಲ’, ಎರಡನೆಯದು ‘ಆತಿಥೇಯಕ್ಕೆ ಮಾರ್ಗವಿಲ್ಲ’. ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಒಳಗೆ ನಡೆಯುವುದು ಹೆಚ್ಚುಕಡಿಮೆ ತಿರುವುಮುರುವು. ವ್ಯವಸ್ಥೆಯ ತಿರುಳಾದ ಕರ್ನಲ್ ತನ್ನ ರೂಟಿಂಗ್ ಟೇಬಲ್‌ನಲ್ಲಿ ಹುಡುಕಿ, ಆ ವಿಳಾಸಕ್ಕೆ ಹೊಂದುವ ಒಂದೂ ಸಾಲು ಸಿಗದಿದ್ದಾಗ ಹೇಳುವುದು ‘ನೆಟ್‌ವರ್ಕ್ ಈಸ್ ಅನ್‌ರೀಚಬಲ್’ ಎಂದು. ನಿಜವಾಗಿ ಹಾದಿ ಇಲ್ಲದ್ದು ಇಲ್ಲಿ. ‘ನೋ ರೂಟ್ ಟು ಹೋಸ್ಟ್’ ಬರುವಾಗ ಟೇಬಲ್‌ನಲ್ಲಿ ಸಾಮಾನ್ಯವಾಗಿ ಸಾಲು ಇದ್ದೇ ಇರುತ್ತದೆ. ಅದೇ ಕೇಬಲ್ಲಿನ ಜಾಲದಲ್ಲಿರುವ ಯಂತ್ರವನ್ನು ‘ಈ ವಿಳಾಸ ಯಾರದು’ ಎಂದು ಎಆರ್‌ಪಿಯಿಂದ (ಐಪಿ ವಿಳಾಸದಿಂದ ಕಾರ್ಡಿನ ವಿಳಾಸ ಹುಡುಕುವ ವಿಧಾನ) ಕೂಗಿ ಕೇಳಿದಾಗ ಯಾರೂ ಓಗೊಡದಿದ್ದರೆ ಈ ಸಂದೇಶ ಬರುತ್ತದೆ. ಆ ಕಡೆಯ ಫೈರ್‌ವಾಲ್ ‘ಬರಬೇಡ’ ಎಂದು ಐಸಿಎಂಪಿ (ಜಾಲದ ದೋಷ ತಿಳಿಸುವ ಪ್ರೋಟೊಕಾಲ್) ಉತ್ತರ ಕಳಿಸಿದರೂ ಎಷ್ಟೋ ಸಲ ಇದೇ ಸಾಲು ತೆರೆಯ ಮೇಲೆ ಬೀಳುತ್ತದೆ.

‘ಮಾರ್ಗವಿಲ್ಲ’ ಎಂದು ಕನ್ನಡದಲ್ಲಿ ಓದಿದ ಹುಡುಗ ಏನು ಮಾಡುತ್ತಾನೆ? ‘ಐಪಿ ರೂಟ್’ ಎಂದು ಹೊಡೆದು ಟೇಬಲ್ ನೋಡುತ್ತಾ ಕೂಡುತ್ತಾನೆ. 192.168.1.0/24ಕ್ಕೆ ಸಾಲು ಇದೆ, ಕಾರ್ಡ್ ಸರಿ ಇದೆ, ಎಲ್ಲ ಸರಿ ಇದೆ. ಇದ್ದ ಸಾಲನ್ನೇ ಅಳಿಸಿ ಮತ್ತೆ ಸೇರಿಸುತ್ತಾನೆ. ನೋಡಬೇಕಾದದ್ದು ‘ಐಪಿ ನೇಬರ್’ ಪಟ್ಟಿ, ಅಂದರೆ ಅದೇ ಜಾಲದ ಯಂತ್ರಗಳ ನೇಬರ್ ಟೇಬಲ್. ಅಲ್ಲಿ 192.168.1.25ರ ಮುಂದೆ ‘ಫೇಲ್ಡ್’ ಅಥವಾ ‘ಇನ್‌ಕಂಪ್ಲೀಟ್’ ಎಂದಿದ್ದರೆ ಆ ಯಂತ್ರ ಬಂದ್ ಆಗಿದೆ, ಇಲ್ಲವೇ ಕೇಬಲ್ ಬಿಚ್ಚಿದೆ, ಇಲ್ಲವೇ ವಿಳಾಸವೇ ತಪ್ಪು. ಪಿಂಗ್ ಕೂಡ ಇದೇ ಸುಳಿವು ಕೊಡುತ್ತದೆ: ‘ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್’ ಎಂಬ ಸಾಲಿನ ಶುರುವಿನಲ್ಲಿ ‘ಫ್ರಂ’ ಎಂದು ಬರುವ ವಿಳಾಸ ನಮ್ಮದೇ ಯಂತ್ರದ್ದಾಗಿದ್ದರೆ ಮಾತು ಹೊಸಿಲು ದಾಟಿಲ್ಲ ಎಂದೇ ಅರ್ಥ.

ಅದಕ್ಕೆ ನನ್ನ ಸಲಹೆ ಹೀಗಿದೆ. ಮೊದಲನೆಯದಕ್ಕೆ ‘ಆ ಜಾಲಕ್ಕೆ ಹಾದಿ ಗೊತ್ತಿಲ್ಲ’. ಎರಡನೆಯದಕ್ಕೆ ‘ಆ ಯಂತ್ರಕ್ಕೆ ಮುಟ್ಟಲಿಲ್ಲ’. ಇಂಗ್ಲಿಷಿನಲ್ಲಿ ‘ರೂಟ್’ ಎಂಬ ಮಾತು ಯಾವ ಸಂದೇಶದಲ್ಲಿದೆಯೋ ಅದೇ ಸಂದೇಶದಲ್ಲಿ ಕನ್ನಡದಲ್ಲೂ ಇರಬೇಕು ಎಂಬ ಹಟ ಬಿಡೋಣ ಎನ್ನುತ್ತೇನೆ. ಇದು ಅನುವಾದಕನ ಮಿತಿ ಮೀರಿದ ಮಾತು ಎಂದು ನಿಮಗನಿಸಿದರೆ ಬಿಚ್ಚಿ ಹೇಳಿರಿ.

‘ಮುಟ್ಟು’ ಬಗ್ಗೆಯೂ ನಿಮ್ಮ ಅಭಿಪ್ರಾಯ ಬೇಕು. ನಮ್ಮ ಕಡೆ ‘ಊರು ಮುಟ್ಟಿದಿ ಏನು?’ ಎಂದೇ ಕೇಳುವುದು. ಲ್ಯಾಬಿನಲ್ಲೂ ‘ಪಿಂಗ್ ಮುಟ್ಟವಲ್ದು ಸರ’, ‘ಲೈನ್ ಹತ್ತವಲ್ದು’ ಎಂದೇ ಬಾಯಿಗೆ ಬರುತ್ತದೆ. ‘ತಲುಪು’ ಎಲ್ಲರಿಗೂ ತಿಳಿಯುತ್ತದೆ, ಆದರೆ ಅದು ಇಲ್ಲಿ ಪಠ್ಯಪುಸ್ತಕದ ಮಾತು. ಮೈಸೂರು, ಮಂಗಳೂರು ಕಡೆಯವರಿಗೆ ‘ಮುಟ್ಟಲಿಲ್ಲ’ ಎಂದರೆ ಕೈ ತಾಗಿಸಲಿಲ್ಲ ಎಂಬ ಅರ್ಥ ಮೊದಲು ಬರುತ್ತದೆಯೋ? ‘ಕಾಗದ ಮುಟ್ಟಿತು’ ಎಂಬುದು ನಾಡಿನ ತುಂಬ ಇರುವ ಬಳಕೆಯಾದ್ದರಿಂದ ತೊಂದರೆ ಆಗಲಿಕ್ಕಿಲ್ಲ ಎಂದು ನಂಬಿದ್ದೇನೆ.

‘ಹೋಸ್ಟ್’ಗೆ ಬಳಸುವ ‘ಆತಿಥೇಯ’ವನ್ನಂತೂ ಬಿಡಲೇಬೇಕು. ಅತಿಥಿಯೇ ಇಲ್ಲದ ಕಡೆ ಆತಿಥೇಯ ಯಾರಿಗೆ? ‘ಯಂತ್ರ’ ಸಾಕು.

‘ನೇಬರ್ ಟೇಬಲ್’ಗೆ ‘ನೆರೆ ಪಟ್ಟಿ’ ಎಂದು ಒಬ್ಬರು ಸೂಚಿಸಿದರು. ಭೀಮಾ ದಂಡೆಯ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಮಕ್ಕಳಿಗೆ ನೆರೆ ಎಂದರೆ ಪತ್ರಿಕೆಯಲ್ಲಿ ಓದುವ, ಕಣ್ಣಾರೆ ಕಂಡ ಹೊಳೆಯ ನೀರು. ‘ನೆರೆಹೊರೆ ಪಟ್ಟಿ’ ಎಂದರೆ ಆ ಗೊಂದಲ ಇರುವುದಿಲ್ಲ.

ಇನ್ನು ‘ಡಿಫಾಲ್ಟ್ ರೂಟ್’. ‘ಪೂರ್ವನಿಯೋಜಿತ ಮಾರ್ಗ’ ಎಂಬುದು ಚಾಲ್ತಿಯಲ್ಲಿದೆ. ಇದರಲ್ಲಿರುವ ‘ಪೂರ್ವ’ ನನ್ನನ್ನು ಬಹಳ ಕಾಡುತ್ತದೆ. ಟೇಬಲ್ ಹುಡುಕುವ ನಿಯಮ, ವಿಳಾಸದೊಂದಿಗೆ ಹೆಚ್ಚು ಬಿಟ್ ಹೊಂದುವ ಸಾಲಿಗೆ ಮೊದಲ ಮಣೆ ಎಂಬುದು. 10.20.5.0/24 (ಮೊದಲ 24 ಬಿಟ್ ಹೊಂದಬೇಕು) ಇದ್ದರೆ 10.20.0.0/16 ಹಿಂದೆ ಸರಿಯುತ್ತದೆ. 0.0.0.0/0 ಎಂಬ ಡಿಫಾಲ್ಟ್ ಸಾಲು ಎಲ್ಲ ವಿಳಾಸಕ್ಕೂ ಹೊಂದುತ್ತದೆ, ಆದರೆ ಹೊಂದುವ ಬಿಟ್ ಸೊನ್ನೆ. ಹಾಗಾಗಿ ಬೇರೆ ಯಾವುದೂ ಒದಗದಾಗ ಕಡೆಗೆ ಬರುವುದು ಅದರ ಪಾಳಿ. ‘ಪೂರ್ವ’ ಎಂದು ಕೇಳಿದವನು ಮೊದಲು ನೋಡುವುದೇ ಅದನ್ನು ಎಂದುಕೊಳ್ಳುತ್ತಾನೆ. ‘ಉಳಿಕೆ ಹಾದಿ’ ಎಂದರೆ ಹೇಗೆ? ಉಳಿದದ್ದಕ್ಕೆಲ್ಲ ಇದೇ ಹಾದಿ ಎಂಬ ಅರ್ಥದಲ್ಲಿ.

ಒಂದೇ ಕಡೆಗೆ ಎರಡು ಹಾದಿ ಇದ್ದಾಗ ಯಾವುದು ಹಿಡಿಯಬೇಕೆಂದು ಹೇಳುವ ಅಂಕಿ ‘ಮೆಟ್ರಿಕ್’. ಅದಕ್ಕೆ ‘ತೂಕ’ ಎನ್ನುವುದು ಇನ್ನೂ ಅಪಾಯಕಾರಿ. ಒಂದು ಯಂತ್ರಕ್ಕೆ ಕೇಬಲ್ಲೂ ಇತ್ತು, ಮೊಬೈಲ್ ಹಾಟ್‌ಸ್ಪಾಟ್‌ನ ವೈಫೈಯೂ ಇತ್ತು, ಆದರೂ ಇಂಟರ್‌ನೆಟ್ ಬರವಲ್ದು. ಟೇಬಲ್‌ನಲ್ಲಿ ಎರಡು ಡಿಫಾಲ್ಟ್ ಸಾಲುಗಳು: ಒಂದು 192.168.1.1ರ ಮೂಲಕ, ಮೆಟ್ರಿಕ್ 100, ಇನ್ನೊಂದು 192.168.43.1ರ ಮೂಲಕ, ಮೆಟ್ರಿಕ್ 600. ನೆಟ್‌ವರ್ಕ್ ಮ್ಯಾನೇಜರ್ ಎಂಬ ತಂತ್ರಾಂಶ ಕೇಬಲ್ಲಿಗೆ 100, ವೈಫೈಗೆ 600 ಕೊಡುವುದು ರೂಢಿ. ‘600ರ ತೂಕ ಹೆಚ್ಚು, ಅಂದಮ್ಯಾಗ ವೈಫೈ ಮ್ಯಾಲೇ ಹೋಗಬೇಕಲ್ಲ ಸರ’ ಎಂದು ಹುಡುಗಿ ಕೇಳಿದಳು. ಅವಳು ನಂಬಿದ್ದು ಪದದ ಅರ್ಥವನ್ನು, ಅದು ಅವಳ ತಪ್ಪಲ್ಲ. ಗೆಲ್ಲುವುದು ಕಡಿಮೆ ಅಂಕಿ. ಕೇಬಲ್ಲಿನ ಆಚೆ ರೂಟರ್‌ಗೆ ಹೊರಗಿನ ಸಂಪರ್ಕ ಕಡಿದಿತ್ತು, ಆದರೆ ಕಾರ್ಡಿನ ದೀಪ ಉರಿಯುತ್ತಿದ್ದುದರಿಂದ ಕರ್ನಲ್‌ಗೆ ಅದರ ಸುಳಿವಿಲ್ಲ, ಎಲ್ಲವನ್ನೂ ಅಲ್ಲಿಗೇ ನೂಕುತ್ತಿತ್ತು. ‘ಐಪಿ ರೂಟ್ ಗೆಟ್ 8.8.8.8’ ಎಂದು ಕೇಳಿದಾಗ ಕರ್ನಲ್ 192.168.1.1ರ ಹೆಸರು ಹೇಳಿದ ಮೇಲೆ ಗುಟ್ಟು ಬಯಲಾಯಿತು. ‘ಖರ್ಚು’ ಎಂದು ಬರೆದರೆ ಈ ಗೊಂದಲವೇ ಹುಟ್ಟುವುದಿಲ್ಲ. ಕಡಿಮೆ ಖರ್ಚಿನ ಹಾದಿ ಹಿಡಿಯುವುದು ಯಾರಿಗೆ ಹೇಳಿಕೊಡಬೇಕು?

ಹಾದಿಯಲ್ಲಿ ಮುಂದೆ ಸಿಗುವ ಯಂತ್ರವೆಂಬ ‘ನೆಕ್ಸ್ಟ್ ಹಾಪ್’ಗೆ ‘ಮುಂದಿನ ಜಿಗಿತ’ ಎನ್ನುವುದಕ್ಕಿಂತ ‘ಮುಂದಿನ ಮಜಲು’ ಒಳ್ಳೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮಂಜಿಲ್‌ನಿಂದ ಬಂದ ಈ ಪದ ಪ್ರಯಾಣದ ಒಂದು ಹಂತ ಎಂಬ ಅರ್ಥದಲ್ಲಿ ಕನ್ನಡದಲ್ಲಿ ಬೇರೂರಿದೆ. ತರಗತಿಯಲ್ಲಿ ವಾಡಿ ಜಂಕ್ಷನ್ ಹೇಳಿ ತಿಳಿಸುತ್ತೇನೆ: ಕಲಬುರಗಿಯಿಂದ ಯಾದಗಿರಿಗೆ ರೈಲಿನಲ್ಲಿ ಹೋದರೂ ಸೇಡಂಗೆ ಹೋದರೂ ವಾಡಿಯೇ ಮಜಲು, ಅಲ್ಲಿಂದಾಚೆ ಯಾವ ಹಳಿ ಎಂಬುದು ವಾಡಿಯ ಚಿಂತೆ. ಟೇಬಲ್‌ನ ಸಾಲಿನಲ್ಲೂ ಬರೆದಿರುವುದು ಅಷ್ಟೇ. ರಿಪ್ ಎಂಬ ಹಳೆಯ ಪ್ರೋಟೊಕಾಲ್‌ನಲ್ಲಂತೂ ಮಜಲುಗಳ ಎಣಿಕೆಯೇ ಖರ್ಚು. 15ರತನಕ ಸರಿ, 16 ಆದರೆ ಮುಟ್ಟಲಾಗದು ಎಂದೇ ಲೆಕ್ಕ. ಕರಾವಳಿಯಲ್ಲಿ ಮಜಲು ಎಂದರೆ ಒಂದು ಬಗೆಯ ಗದ್ದೆ ಎಂಬುದು ಗೊತ್ತು. ಆ ಕಡೆಯವರು ಇದನ್ನು ಒಪ್ಪುತ್ತಾರೆಯೇ?

‘ರೂಟ್’ಗೆ ‘ಮಾರ್ಗ’ ಬಿಟ್ಟು ‘ಹಾದಿ’ ಬಳಸಲು ಇನ್ನೊಂದು ಕಾರಣವಿದೆ. ಯುನಿಕ್ಸ್‌ನಲ್ಲಿ ಕಡತದ ‘ಪಾತ್’ಗೂ ಮಾರ್ಗ ಎಂದೇ ಬರೆಯುತ್ತಾರೆ. ಒಂದೇ ಪುಟದಲ್ಲಿ ಎರಡೂ ಬಂದರೆ ಓದುವವನ ಪಾಡು ಕಷ್ಟ. ಕಡತಕ್ಕೆ ಮಾರ್ಗ, ಜಾಲಕ್ಕೆ ಹಾದಿ ಎಂದು ಹಂಚಿಕೊಂಡರೆ ಸಾಕು.

‘ಗೇಟ್‌ವೇ’, ಅಂದರೆ ಬೇರೆ ಜಾಲಕ್ಕೆ ಹೋಗಲು ದಾಟಬೇಕಾದ ಯಂತ್ರ, ಮಾತ್ರ ಇನ್ನೂ ಬಗೆಹರಿದಿಲ್ಲ. ‘ಹೆಬ್ಬಾಗಿಲು’ ಎಂದರೆ ಒಂದೇ ಒಂದು, ದೊಡ್ಡದು ಎಂಬ ಭಾವ ಬರುತ್ತದೆ. ಟೇಬಲ್‌ನಲ್ಲಿ ಹಲವು ಇರಬಹುದು. ಬೀದರ್ ಕೋಟೆಯ ಶರ್ಜಾ ದರವಾಜಾ, ಗುಂಬದ ದರವಾಜಾ ನೋಡಿದವರಿಗೆ ‘ದರವಾಜಾ’ ಸಲೀಸು, ಆದರೆ ಅದು ದಕ್ಷಿಣದ ಓದುಗರಿಗೆ ಹೊರಗಿನದು ಅನಿಸಬಹುದು. ನನಗೆ ಇಷ್ಟವಾದದ್ದು ‘ಅಗಸಿ’. ಊರಿನಿಂದ ಹೊರಗೆ ಹೋಗುವವರು ದಾಟುವ ಬಾಗಿಲಿಗೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇದೇ ಹೆಸರು. ಅಡ್ಡಿ ಒಂದೇ, ಹಿಂಡಿ (ಚಟ್ನಿಪುಡಿ) ಕುಟ್ಟುವ ಅಗಸೆ ಬೀಜವೂ ಇಲ್ಲಿ ಅಗಸಿಯೇ. ‘ಅಗಸಿ ಬಾಗಿಲು’ ಎಂದು ಪೂರ್ತಿ ಬರೆದರೆ ಟೇಬಲ್‌ನ ಕಿರಿದಾದ ಅಂಕಣದಲ್ಲಿ ಹಿಡಿಸುವುದಿಲ್ಲ. ಹಳೆಯ ಮೈಸೂರು ಸೀಮೆಯಲ್ಲಿ ಊರಬಾಗಿಲಿಗೆ ಇಷ್ಟೇ ಚಿಕ್ಕದಾದ ಬೇರೆ ಪದವಿದ್ದರೆ, ಈಗಲೂ ಜನರ ಬಾಯಲ್ಲಿ ಉಳಿದಿದ್ದರೆ, ದಯವಿಟ್ಟು ತಿಳಿಸಿರಿ.