160 ಡಿಗ್ರಿ ಬಾತ್‌ಗೆ ಯಾವ ಎಣ್ಣೆ? ಚಿಲ್ಲರ್‌ಗೆ ಏನ್ ಹಾಕೋದು?

ಸಿಂಥೆಸಿಸ್_ಹೊಸಬ:
ಎಲ್ರಿಗೂ ನಮಸ್ಕಾರ. ನಮ್ ಲ್ಯಾಬಲ್ಲಿ ರಿಯಾಕ್ಷನ್ನಿಗೆ ಆಯಿಲ್ ಬಾತ್ (ಫ್ಲಾಸ್ಕ್ ಇಟ್ಟು ಕಾಯ್ಸೋ ಬಿಸಿ ಎಣ್ಣೆ ಪಾತ್ರೆ) 160 ಡಿಗ್ರಿ ತನಕ ಬೇಕು. ಈಗಿರೋದು ಲಿಕ್ವಿಡ್ ಪ್ಯಾರಾಫಿನ್, ಪೂರ್ತಿ ಕಂದು ಬಣ್ಣ ಆಗಿದೆ, 140 ದಾಟ್ತಿದ್ದಂಗೆ ಹೊಗೆ ಏಳತ್ತೆ, ಸೀನಿಯರ್ಸ್ ಕೇಳಿದ್ರೆ ಫ್ಯೂಮ್ ಹುಡ್ ಒಳಗಿದ್ಯಲ್ಲ ಬಿಡು ಅಂತಾರೆ. ಸಿಲಿಕೋನ್ ಆಯಿಲ್ ರೇಟ್ ಜಾಸ್ತಿ ಅಂತ ಸೂರ್ಯಕಾಂತಿ ಎಣ್ಣೆ ಹಾಕೋ ಮಾತೂ ಇದೆ. ಇನ್ನೊಂದು, ರೋಟಾವೇಪರ್ (ಸಾಲ್ವೆಂಟ್ ಆವಿ ಮಾಡಿ ತೆಗೆಯೋ ಯಂತ್ರ) ತಣ್ಣಗಿಡೋ ಚಿಲ್ಲರ್ ಮೈನಸ್ 10ಕ್ಕೆ ಇಡ್ಬೇಕು, ಅದ್ರಲ್ಲಿ ಬೋರ್‌ವೆಲ್ ನೀರಿಗೆ ಕಾರ್ ಕೂಲೆಂಟ್ ಬೆರೆಸಿದಾರೆ. ಯಾರಾದ್ರೂ ತಿಳ್ಸಿ.

ಪ್ರೊಸೆಸ್_ಅಕ್ಕ:
ಹೊಗೆ ಬರ್ತಿದೆ ಅಂದ್ರೆ ಆ ಎಣ್ಣೆ ಕೆಲ್ಸ ಮುಗೀತು, ದಯವಿಟ್ಟು ಇವತ್ತೇ ತೆಗೀರಿ. ಹುಡ್ ಹೊಗೇನ ಎಳ್ಕೊಳತ್ತೆ ಅಷ್ಟೇ, ಬೆಂಕಿ ಹತ್ಕೊಳೋದನ್ನ ತಡೆಯಲ್ಲ. ಅಡುಗೆ ಎಣ್ಣೆ ಬೇಡ್ವೇ ಬೇಡ, ಗಂಟೆಗಟ್ಲೆ ಕಾದ್ರೆ ಗಾಳಿ ಜೊತೆ ಸೇರಿ ಗಟ್ಟಿಯಾಗಿ ಅಂಟು ಅಂಟಾಗತ್ತೆ. 160ಕ್ಕೆ 50 ಸೆಂಟಿಸ್ಟೋಕ್ (ಎಣ್ಣೆ ಎಷ್ಟು ಮಂದ ಅನ್ನೋ ಅಳತೆ) ಸಿಲಿಕೋನ್ ತಗೊಳ್ಳಿ, ಕೊಳ್ಳೋ ಮುಂಚೆ ಸೇಫ್ಟಿ ಶೀಟಲ್ಲಿ ಫ್ಲಾಶ್ ಪಾಯಿಂಟ್ (ಎಣ್ಣೆ ಆವಿಗೆ ಕಿಡಿ ತಗುಲಿದ್ರೆ ಬೆಂಕಿ ಹತ್ತೋ ಟೆಂಪರೇಚರ್) ನೋಡಿ, ನೀವು ಓಡ್ಸೋ ಟೆಂಪರೇಚರ್ ಅದಕ್ಕಿಂತ ಕಮ್ಮಿ ಅಂದ್ರೂ 25 ಡಿಗ್ರಿ ಕೆಳಗಿರ್ಬೇಕು. ಬಾತ್ ತುಂಬಾ ತುಂಬ್ಸಬೇಡಿ, 160ಕ್ಕೆ ಹೋಗೋಷ್ಟ್ರಲ್ಲಿ ಎಣ್ಣೆ ಶೇಕಡಾ 10ಕ್ಕಿಂತ ಜಾಸ್ತಿನೇ ಉಬ್ಬತ್ತೆ. ಕಂಡೆನ್ಸರ್ ಹೊರಗಿಂದ ಒಂದೆರಡು ಹನಿ ನೀರು ಒಳಗೆ ಬಿದ್ರೂ 100 ದಾಟಿದ್ಮೇಲೆ ಸಿಡಿಯತ್ತೆ, ಕಣ್ಣು ಜೋಪಾನ. ಟೆಂಪರೇಚರ್ ಅಳೆಯೋ ಪ್ರೋಬ್ ಎಣ್ಣೆಯಿಂದ ಹೊರಗೆ ಬಂದ್ರೆ ಪ್ಲೇಟ್ ಕಾಯ್ತಾನೇ ಇರತ್ತೆ, ಅದಕ್ಕೇ ಓವರ್ ಟೆಂಪರೇಚರ್ ಕಟಾಫ್ ಬೇರೆಯಾಗಿ ಸೆಟ್ ಮಾಡ್ಲೇಬೇಕು.

ಚಿಲ್ಲರ್_ಸರ್ವೀಸ್:
ಕಾರ್ ಕೂಲೆಂಟ್‌ನಲ್ಲಿರೋ ಅಡಿಟಿವ್ಸ್ ಲ್ಯಾಬ್ ಪಂಪಿನ ಸೀಲ್ ಹಾಳ್ಮಾಡತ್ತೆ, ಬೋರ್‌ವೆಲ್ ನೀರು ಕಾಯಿಲ್ ಮೇಲೆ ಸುಣ್ಣ ಕಟ್ಟತ್ತೆ. ಎರಡೂ ಖಾಲಿ ಮಾಡಿ, ತೊಳ್ದು, ಪ್ರೊಪಿಲೀನ್ ಗ್ಲೈಕಾಲ್ ಮತ್ತೆ ಡಿಸ್ಟಿಲ್ಡ್ ವಾಟರ್ ಅರ್ಧ ಅರ್ಧ ಹಾಕಿ, ಅದು ಹೆಚ್ಚುಕಮ್ಮಿ ಮೈನಸ್ 33ರವರೆಗೂ ಹೆಪ್ಪುಗಟ್ಟಲ್ಲ, ಎಥಿಲೀನ್ ಗ್ಲೈಕಾಲ್‌ನಷ್ಟು ವಿಷನೂ ಅಲ್ಲ. ಮುಚ್ಚಳ ತೆಗ್ದಿಡ್ಬೇಡಿ, ತಣ್ಣಗಿನ ಬಾತ್ ಗಾಳಿಯಲ್ಲಿರೋ ತೇವಾನ ಎಳ್ಕೊಳತ್ತೆ, ಗ್ಲೈಕಾಲ್ ತೆಳುವಾಗಿ ಕೊನೆಗೆ ಕಾಯಿಲ್ ಸುತ್ತ ಐಸ್ ಕೂತು ಪಂಪ್ ನಿಂತ್ಹೋಗತ್ತೆ. ತಿಂಗಳಿಗೊಮ್ಮೆ ರಿಫ್ರಾಕ್ಟೋಮೀಟರಲ್ಲಿ (ಬೆಳಕು ಬಾಗೋದನ್ನ ಅಳೆಯೋ ಸಾಧನ) ನೋಡಿದ್ರೆ ಗ್ಲೈಕಾಲ್ ಎಷ್ಟಿದೆ ಅಂತ ಗೊತ್ತಾಗತ್ತೆ.

ಸಿಂಥೆಸಿಸ್_ಹೊಸಬ:
ತುಂಬಾ ಥ್ಯಾಂಕ್ಸ್ ಅಕ್ಕ, ಸರ್. ಹಿಂದೆ ವಾಟರ್ ಬಾತಲ್ಲಿ ಪಾಚಿ ಬರ್ಬಾರ್ದು ಅಂತ ಸೋಡಿಯಂ ಅಜೈಡ್ ಹಾಕ್ತಿದ್ರಂತೆ, ಅದು ಸರಿನಾ? ಹಳೇ ಎಣ್ಣೆಗೆ ಹೊಸದು ಸೇರಿಸ್ಬಹುದಾ?

ಪ್ರೊಸೆಸ್_ಅಕ್ಕ:
ಅಜೈಡ್ ಬೇಡ ಪುಟ್ಟ! ತಾಮ್ರ, ಸೀಸದ ಪೈಪ್ ಸಿಕ್ರೆ ಸ್ಫೋಟವಾಗೋ ಅಜೈಡ್ ಕಟ್ಟತ್ತೆ, ಸಿಂಕಿಗೆ ಚೆಲ್ಲಿದ್ರಂತೂ ಇನ್ನೂ ಅಪಾಯ. ಬ್ಲೀಚೂ ಬೇಡ, ಕ್ಲೋರೈಡ್ ಸ್ಟೀಲಲ್ಲಿ ತೂತು ಕೊರೆಯತ್ತೆ. ವಾರ ವಾರ ನೀರು ಬದಲಾಯ್ಸಿ, ಬಯೋಸೈಡ್ (ಪಾಚಿ ಕೊಲ್ಲೋ ರಾಸಾಯನಿಕ) ಬೇಕೇ ಬೇಕು ಅಂದ್ರೆ ಬಾತ್ ಮ್ಯಾನ್ಯುಯಲ್ ಒಪ್ಪೋದನ್ನಷ್ಟೇ ಹಾಕಿ. ಹಳೇ ಎಣ್ಣೆಗೆ ಹೊಸದು ಸೇರಿಸ್ಬೇಡಿ, ಅದ್ರಲ್ಲೂ ಪ್ಯಾರಾಫಿನ್ನೂ ಸಿಲಿಕೋನೂ ಬೆರೆಯೋದೇ ಇಲ್ಲ. ತಣ್ಣಗಾದ್ಮೇಲೆ ಲೇಬಲ್ ಹಚ್ಚಿ ವೇಸ್ಟ್ ಕ್ಯಾನಿಗೆ ಹಾಕಿ. ಹೊಸ ಬಾತ್ ಮೇಲೆ ತುಂಬಿದ ದಿನಾಂಕ, ಗರಿಷ್ಠ ಟೆಂಪರೇಚರ್ ಬರ್ದಿಡಿ. ಫ್ಲಾಸ್ಕ್ ಹೊರಗಿನ ಎಣ್ಣೇನ ಹೆಕ್ಸೇನಲ್ಲಿ ಚೆನ್ನಾಗಿ ಒರ್ಸಿ, ಇಲ್ದಿದ್ರೆ ಅಣುವಿನ ರಚನೆ ನೋಡೋ ನಿಮ್ ಎನ್ಎಂಆರ್‌ನಲ್ಲಿ 0.07 ಪಿಪಿಎಂ ಹತ್ರ ಸಿಲಿಕೋನ್ ಪೀಕ್ ಬಂದು ಕೂರತ್ತೆ.