ತಂದೆಯವರ ಕಣ್ಣಿನ ಪೊರೆ: ಇಷ್ಟು ಬೇಗ ಬಂದದ್ದೇಕೆ, ಬಲಿಯುವವರೆಗೆ ಕಾಯಬೇಕೇ?

ಅಡ್ಕದಮನೆ (ಪೆರ್ಲ) ಕೇಳಿದ್ದು:

ನನ್ನ ತಂದೆಯವರಿಗೆ ಈಗ 66 ವರ್ಷ ಪ್ರಾಯ, ಅಡಿಕೆ ಕೃಷಿಕರು. ಕಳೆದ ಮಳೆಗಾಲದಿಂದ ಈಚೆಗೆ ಎರಡೂ ಕಣ್ಣು ಮಂಜಾಗುತ್ತ ಬಂದದ್ದರಿಂದ ಪರೀಕ್ಷೆ ಮಾಡಿಸಿದೆವು. ಎರಡರಲ್ಲೂ ಪೊರೆ ಇದೆ, ಬಲಗಣ್ಣಿನದು ಹೆಚ್ಚು, ಮೊದಲು ಅದಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಿ ಎಂದು ವೈದ್ಯರು ಹೇಳಿದ್ದಾರೆ. ನಮಗೆ ವಿಚಿತ್ರವಾಗಿ ತೋರುವುದೇನೆಂದರೆ, ನಡುಹಗಲು ಅಂಗಳದಲ್ಲಿ ಕುಳಿತು ಸುಲಿದ ಅಡಿಕೆ ಹೆಕ್ಕುವಾಗ ಪಟೋರ ಯಾವುದು, ಕರಿಗೋಟು ಯಾವುದು (ಎರಡೂ ಅಡಿಕೆಯ ಕೆಳದರ್ಜೆಗಳು) ಎಂದು ಅವರಿಗೆ ತಿಳಿಯುವುದೇ ಇಲ್ಲ. ಅದೇ ಅಡಿಕೆಯನ್ನು ಬಿಸಿಲಿಳಿದ ಮೇಲೆ ಜಗಲಿಗೆ ತಂದರೆ ಬಹುಮಟ್ಟಿಗೆ ಸರಿಯಾಗಿ ವಿಂಗಡಿಸುತ್ತಾರೆ.

ಅವರಿಗೆ ಬಹಳ ವರ್ಷಗಳಿಂದ ಉಬ್ಬಸವಿದೆ. ಮಳೆ ಹಿಡಿದಾಗಲೆಲ್ಲ ಮಾತ್ರೆ ತೆಗೆದುಕೊಳ್ಳುತ್ತಾರೆ, ಪಂಪ್ (ಇನ್‌ಹೇಲರ್) ಎಳೆಯುವುದಂತೂ ದಿನವೂ ಇದೆ. ಸಕ್ಕರೆ ಕಾಯಿಲೆಯೂ ಇದೆ. ಬೀಡಿ ಬಿಟ್ಟು ಕೆಲವು ವರ್ಷಗಳಾದವು. ಇತ್ತ ನಮ್ಮ ದೊಡ್ಡಮ್ಮನಿಗೆ 80 ದಾಟಿದೆ. ಮೊದಲು ಕನ್ನಡಕ ಬೇಕಾಗುತ್ತಿತ್ತು, ಈಗ ಕನ್ನಡಕವಿಲ್ಲದೆಯೇ ಪಂಚಾಂಗ ಓದುತ್ತಾರೆ. ಹಿರಿಯರಿಗೇ ಇಲ್ಲದ ಪೊರೆ ತಂದೆಯವರಿಗೆ ಬಂದದ್ದೇಕೆ? ಮತ್ತೊಂದು ಪ್ರಶ್ನೆ: ಪೊರೆ ಚೆನ್ನಾಗಿ ಬಲಿಯಲಿ, ಚಳಿಗಾಲದಲ್ಲಿ ತೆಗೆಸಿದರೆ ಸಾಕು ಎಂದು ಮನೆಗೆ ಬಂದವರೆಲ್ಲ ಹೇಳುತ್ತಿದ್ದಾರೆ. ಕಾಯುವುದು ಸರಿಯೇ? ತಿಳಿದವರು ವಿವರವಾಗಿ ಬರೆಯಬೇಕಾಗಿ ವಿನಂತಿ.

ನಿವೃತ್ತ ನೇತ್ರ ಸಹಾಯಕ (ಮುಳ್ಳೇರಿಯ) ಉತ್ತರ:

ಕಣ್ಣನ್ನು ನೋಡದೆ ಬರೆಯುತ್ತಿದ್ದೇನೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ವೈದ್ಯರ ಮಾತೇ ಅಂತಿಮ. ಆದರೂ ಬಿಸಿಲಿನಲ್ಲಿ ಕಾಣದೆ ಸಂಜೆಗೆ ಕಾಣುತ್ತದೆ ಎಂದು ನೀವು ಬರೆದ ಒಂದೇ ವಾಕ್ಯ ಬಹಳಷ್ಟನ್ನು ತಿಳಿಸುತ್ತದೆ.

ಪೊರೆಯೆಂದರೆ ಕಣ್ಣಿನ ಮೇಲೆ ಬೆಳೆಯುವ ಪದರವೆಂದು ಬಹಳ ಮಂದಿ ತಿಳಿದಿದ್ದಾರೆ. ಅದು ಹಾಗಲ್ಲ. ಕಣ್ಣಪಾಪೆಯ ಹಿಂದಿರುವ ಮಸೂರವೇ ಮಸುಕಾಗುವುದು. ಮಸೂರಕ್ಕೆ ರಕ್ತನಾಳಗಳಿಲ್ಲ, ಅದರ ನಡುಭಾಗದ ಪ್ರೋಟೀನುಗಳು ನಾವು ಹುಟ್ಟುವಾಗ ಇದ್ದವೇ ಕೊನೆಯವರೆಗೂ ಇರುತ್ತವೆ, ಹೊಸದಾಗಿ ಬದಲಾಗುವುದಿಲ್ಲ. ಆದುದರಿಂದ ಬಿಸಿಲು, ಹೊಗೆ, ಸಕ್ಕರೆ, ಔಷಧ ಇವುಗಳಿಂದ ಆದ ಹಾನಿಯೆಲ್ಲ ವರ್ಷದಿಂದ ವರ್ಷಕ್ಕೆ ಕೂಡುತ್ತ ಹೋಗಿ, ಪ್ರೋಟೀನುಗಳು ಒಂದಕ್ಕೊಂದು ಅಂಟಿ ಬೆಳಕನ್ನು ಚದುರಿಸುತ್ತವೆ. ಪ್ರಾಯವೇ ಎಲ್ಲಕ್ಕಿಂತ ದೊಡ್ಡ ಕಾರಣವಾಗಿರುವುದು ಇದರಿಂದಲೇ. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ 50 ವರ್ಷ ಮೀರಿದವರ ಅಂಧತ್ವದ ಶೇ. 66.2ರಷ್ಟಕ್ಕೆ ಪೊರೆಯೇ ಕಾರಣವೆಂದು ಕಂಡುಬಂದಿತ್ತು. ಚಿಕಿತ್ಸೆಯಿಂದ ಸರಿಯಾಗುವ ಕಾಯಿಲೆಯೊಂದು ಈ ಪ್ರಮಾಣದಲ್ಲಿ ಕುರುಡು ತರುತ್ತಿರುವುದಕ್ಕೆ ನಮ್ಮ ಕಾಯುವ ಅಭ್ಯಾಸವೂ ಒಂದು ಕಾರಣ ಎಂಬುದು ನನ್ನ ಅಭಿಪ್ರಾಯ.

ಮಸೂರದ ಯಾವ ಭಾಗ ಮಸುಕಾಯಿತು ಎಂಬುದರ ಮೇಲೆ ತೊಂದರೆಯ ಸ್ವರೂಪ ಬದಲಾಗುತ್ತದೆ. ತಂದೆಯವರ ಲಕ್ಷಣ ನೋಡಿದರೆ ಮಸೂರದ ಹಿಂಬದಿಯ ಮಧ್ಯದಲ್ಲಿ ಪೊರೆ ಇರುವ ಸಾಧ್ಯತೆ ಹೆಚ್ಚು. ಬಿಸಿಲಿನಲ್ಲಿ ಕಣ್ಣಪಾಪೆ ಕಿರಿದಾಗುತ್ತದೆ. ಆಗ ಬೆಳಕಿಗೆ ಉಳಿಯುವ ದಾರಿ ಆ ಮಸುಕಿನ ಮೂಲಕವೇ. ಸಂಜೆ ಪಾಪೆ ಅಗಲವಾದಾಗ ಅಂಚಿನ ತಿಳಿಭಾಗದಿಂದ ಬೆಳಕು ಒಳಗೆ ಹೋಗುತ್ತದೆ. ಈ ಬಗೆಯ ಪೊರೆ ಪ್ರಾಯ ತೀರಾ ಹೆಚ್ಚಾಗುವ ಮೊದಲೇ ಬರುವುದುಂಟು, ಉಳಿದವಕ್ಕಿಂತ ಬೇಗ ಬೆಳೆಯುವುದೂ ಉಂಟು. ಇದರ ಹಿಂದೆ ಮುಖ್ಯವಾಗಿ ಕಾಣಸಿಗುವವು ಎರಡು: ಸ್ಟೀರಾಯ್ಡ್ ಮತ್ತು ಮಧುಮೇಹ. ಉಬ್ಬಸ ಹೆಚ್ಚಾದಾಗ ಕೊಡುವ ಮಾತ್ರೆ ಹಲವು ಸಲ ಸ್ಟೀರಾಯ್ಡೇ ಆಗಿರುತ್ತದೆ. ದಿನವೂ ಎಳೆಯುವ ಪಂಪಿನಲ್ಲಿ ಅದರ ಪ್ರಮಾಣ ಕಡಿಮೆ. ಆದರೂ ಬಹುಕಾಲ ಹೆಚ್ಚಿನ ಪ್ರಮಾಣದಲ್ಲಿ ಬಳಸಿದವರಲ್ಲಿ ಈ ಬಗೆಯ ಪೊರೆ ಹೆಚ್ಚೆಂದು ಆಸ್ಟ್ರೇಲಿಯದ ಬ್ಲೂ ಮೌಂಟನ್ಸ್ ಅಧ್ಯಯನ 1997ರಲ್ಲಿಯೇ ತೋರಿಸಿತು. ಇದನ್ನು ಓದಿ ಯಾರೂ ಪಂಪ್ ನಿಲ್ಲಿಸಬಾರದು. ಪೊರೆಯನ್ನು ತೆಗೆಯಬಹುದು, ನಿಂತ ಉಸಿರನ್ನು ಮರಳಿ ತರಲಾಗದು. ನಿಜವಾಗಿ ನಿಲ್ಲಿಸಬೇಕಾದುದು ಕಣ್ಣು ತುರಿಸಿದಾಗಲೆಲ್ಲ ಚೀಟಿಯಿಲ್ಲದೆ ಮೆಡಿಕಲ್ ಶಾಪಿನಿಂದ ತಂದು ತಿಂಗಳುಗಟ್ಟಲೆ ಹಾಕಿಕೊಳ್ಳುವ ಸ್ಟೀರಾಯ್ಡ್ ಹನಿಯನ್ನು. ಅದು ಪೊರೆಯನ್ನಷ್ಟೇ ಅಲ್ಲ, ಕಣ್ಣಿನ ಒತ್ತಡ ಏರಿ ದೃಷ್ಟಿನರ ಹಾಳಾಗುವ ಗ್ಲಾಕೋಮಾವನ್ನೂ ತರಬಲ್ಲದು.

ಸಕ್ಕರೆಯ ವಿಷಯ ಹೀಗೆ: ರಕ್ತದಲ್ಲಿ ಗ್ಲೂಕೋಸ್ ಏರಿದಾಗ ಮಸೂರದೊಳಗೂ ಏರುತ್ತದೆ, ಅಲ್ಲಿ ಅದು ಸಾರ್ಬಿಟಾಲ್ ಆಗಿ ಸಂಗ್ರಹವಾಗಿ ನೀರನ್ನು ಎಳೆದುಕೊಳ್ಳುತ್ತದೆ. ಸಕ್ಕರೆ ಹತೋಟಿಯಲ್ಲಿಲ್ಲದವರ ಕನ್ನಡಕದ ನಂಬರು ಪದೇ ಪದೇ ಬದಲಾಗುವುದಕ್ಕೂ ಇದೇ ಕಾರಣ. ಬೀಡಿ ಸಿಗರೇಟು ಸೇದುವವರಲ್ಲಿ ಮಸೂರದ ನಡುಭಾಗದ ಪೊರೆ ಹೆಚ್ಚು. ಬಿಟ್ಟವರಲ್ಲಿ ಅಪಾಯ ಮೆಲ್ಲನೆ ಇಳಿಯುತ್ತದೆ, ಪೂರ್ತಿ ಅಳಿಯುವುದಿಲ್ಲ.

ಇನ್ನು ದೊಡ್ಡಮ್ಮ. ಅವರ ಕಣ್ಣು ಚೆನ್ನಾಗಿದೆ ಎಂದು ತಿಳಿದು ಸುಮ್ಮನಿರಬೇಡಿ. ಕನ್ನಡಕ ಬೇಕಾಗಿದ್ದವರು ಇಳಿವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಅದಿಲ್ಲದೆ ಓದತೊಡಗಿದರೆ, ಮಸೂರದ ನಡುಭಾಗ ಗಟ್ಟಿಯಾಗಿ ಕಣ್ಣು ಸಮೀಪದೃಷ್ಟಿಯ ಕಡೆಗೆ ವಾಲಿದೆ ಎಂದೇ ಹೆಚ್ಚಾಗಿ ಅರ್ಥ. ಹತ್ತಿರದ್ದು ಕಾಣುತ್ತದೆ, ದೂರದ್ದು ಮಸುಕಾಗಿರುತ್ತದೆ, ಬಿಳಿ ಬಟ್ಟೆ ಹಳದಿಯಾಗಿ ತೋರುತ್ತದೆ. ಗೇಟಿನ ಬಳಿ ನಿಂತವರ ಮುಖ ಗುರುತು ಸಿಗುತ್ತದೆಯೇ ಎಂದು ಅವರನ್ನೊಮ್ಮೆ ಕೇಳಿ. ತಂದೆಯವರ ಜೊತೆ ಅವರನ್ನೂ ಕರೆದೊಯ್ಯುವುದು ಒಳ್ಳೆಯದು.

ಕುಂಬಳೆ ಟೀಚರ್ ಉತ್ತರ:

ಮೇಲಿನ ಉತ್ತರಕ್ಕೆ ಹೆಂಗಸರ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಸೌದೆಯ ಹೊಗೆಯಲ್ಲಿ ವರ್ಷಾನುಗಟ್ಟಲೆ ಅಡುಗೆ ಮಾಡಿದವರಲ್ಲಿ ಪೊರೆ ಹೆಚ್ಚೆಂದು ಭಾರತದಲ್ಲಿಯೂ ನೇಪಾಳದಲ್ಲಿಯೂ ನಡೆದ ಅಧ್ಯಯನಗಳು ಹೇಳಿವೆ. ನಮ್ಮ ಮನೆಗಳಲ್ಲಿ ಗ್ಯಾಸ್ ಬಂದು ಕಾಲವಾಯಿತಾದರೂ ಬಚ್ಚಲ ಒಲೆ ಮಾತ್ರ ಹಾಗೆಯೇ ಉಳಿದಿದೆ. ಮಳೆಗಾಲದಲ್ಲಿ ಹಸಿ ಮಡಲು, ಒದ್ದೆ ಅಡಿಕೆ ಸಿಪ್ಪೆ ತುರುಕಿ, ಬಗ್ಗಿ ಊದುತ್ತ ಕೂರುವವರು ಮನೆಯ ಹಿರಿಯ ಹೆಂಗಸರೇ. ಗಂಡಸರಿಗಿಂತ ಹೆಂಗಸರಿಗೆ ಪೊರೆಯೂ ಹೆಚ್ಚು, ಶಸ್ತ್ರಚಿಕಿತ್ಸೆಗೆ ಕರೆದೊಯ್ಯುವುದು ಮಾತ್ರ ನಿಧಾನ. "ನನಗೆ ಇನ್ನೇನು ಕಾಣಬೇಕು, ಬಿಡಿ" ಎಂದು ಅಜ್ಜಿಯಂದಿರು ಹೇಳಿದರೆ ಅದನ್ನು ಒಪ್ಪಿಗೆಯೆಂದು ಮನೆಯವರು ತೆಗೆದುಕೊಳ್ಳಬಾರದು.

ಜೇನುತುಪ್ಪ, ನಂದಿಬಟ್ಟಲು ಹೂವಿನ ರಸ, ತಾಯಿಹಾಲು ಇವನ್ನು ಕಣ್ಣಿಗೆ ಬಿಟ್ಟರೆ ಪೊರೆ ಕರಗುತ್ತದೆಂದು ಹೇಳುವವರು ಈಗಲೂ ಇದ್ದಾರೆ. ಕರಗುವುದಿಲ್ಲ, ಸೋಂಕು ತಗಲಬಹುದು. ವಿಟಮಿನ್ ಮಾತ್ರೆಗಳ ವಿಷಯವೂ ಅಷ್ಟೇ: ದಕ್ಷಿಣ ಭಾರತದಲ್ಲಿಯೇ ಐದು ವರ್ಷ ಕೊಟ್ಟು ನೋಡಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪೊರೆಯ ಬೆಳವಣಿಗೆ ನಿಧಾನವಾದದ್ದು ಕಂಡುಬರಲಿಲ್ಲ.

ತೋಟದ ಮೂಲೆ (ಬದಿಯಡ್ಕ) ಉತ್ತರ:

ಕೃಷಿಕರಿಗೆ ಬಿಸಿಲು ತಪ್ಪಿದ್ದಲ್ಲ, ಹಾಗೆಂದು ಕೈಕಟ್ಟಿ ಕೂರಬೇಕಾಗಿಯೂ ಇಲ್ಲ. ಅಮೆರಿಕದ ಚೆಸಪೀಕ್ ಕೊಲ್ಲಿಯ 838 ಮೀನುಗಾರರನ್ನು ಪರೀಕ್ಷಿಸಿ 1988ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಬದುಕಿನಲ್ಲಿ ಕಣ್ಣಿಗೆ ಬಿದ್ದ ಅತಿನೇರಳೆ ಕಿರಣದ ಮೊತ್ತ ಎರಡು ಪಟ್ಟಾದಾಗ, ಮಸೂರದ ಹೊರಪದರದಲ್ಲಿ ಚಕ್ರದ ಅರಗಳಂತೆ ಮೂಡುವ ಪೊರೆಯ ಅಪಾಯ 1.6 ಪಟ್ಟಾಗುತ್ತದೆ. ನೀರಿನಿಂದ ಬಿಸಿಲು ಪ್ರತಿಫಲಿಸುವ ಕಡಲಿನಲ್ಲಿ ದುಡಿಯುವ ನಮ್ಮ ಮೀನುಗಾರರಿಗೂ ಇದು ಅನ್ವಯಿಸುತ್ತದೆ. ನಮ್ಮ ಹಾಳೆಯ ಮುಟ್ಟಾಳೆ ತಲೆಗೆ ತಂಪು, ಹೊರೆ ಹೊರಲು ಅನುಕೂಲ. ಆದರೆ ಅದಕ್ಕೆ ಅಂಚಿಲ್ಲ, ಕಣ್ಣಿಗೆ ನೆರಳು ಬೀಳುವುದಿಲ್ಲ. ದೋಟಿ ಹಿಡಿದು ಮೇಲೆ ನೋಡುತ್ತ ಗೊನೆ ಕೊಯ್ಯುವಾಗ ಅಂಚಿನ ಟೊಪ್ಪಿಯೂ ಸಾಲದು, ಅತಿನೇರಳೆ ಕಿರಣ ತಡೆಯುವ ಕನ್ನಡಕ ಬೇಕು.

ಪೆಟ್ಟನ್ನು ಯಾರೂ ಹೇಳಲಿಲ್ಲ. ಕಣ್ಣಿಗೆ ಬಡಿದ ಒಂದು ಅಡಿಕೆಯಿಂದ ಆ ಒಂದೇ ಕಣ್ಣಿಗೆ ವರ್ಷಗಳ ಬಳಿಕ ಪೊರೆ ಬರಬಹುದು. ಕೊಳೆರೋಗಕ್ಕೆ ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸಿಂಪಡಿಸುವಾಗ ಮೈಲುತುತ್ತಿಗಿಂತ ಸುಣ್ಣದ ಬಗ್ಗೆ ಹೆಚ್ಚು ಎಚ್ಚರ ಬೇಕು: ಸುಣ್ಣ ಕಣ್ಣೊಳಗೆ ಇಳಿಯುತ್ತ ಸುಡುತ್ತದೆ, ಕಣ್ಣಾಲಿ ಕೆಡುತ್ತದೆ, ಮಸೂರವೂ ಕೆಡಬಹುದು. ಬಿದ್ದರೆ ಆ ಕ್ಷಣವೇ ಸಿಕ್ಕಿದ ಶುದ್ಧ ನೀರಿನಿಂದ ಕನಿಷ್ಠ ಅರ್ಧ ಗಂಟೆ ತೊಳೆದು, ಬಳಿಕ ಆಸ್ಪತ್ರೆಗೆ ಹೊರಡಬೇಕು.

ಅಡ್ಕದಮನೆ (ಪೆರ್ಲ):

ಎಲ್ಲರಿಗೂ ಕೃತಜ್ಞತೆಗಳು. ಮನೆಯಲ್ಲಿ ಚೀಟಿಗಳನ್ನು ತೆಗೆದು ನೋಡಿದಾಗ ಉಬ್ಬಸದ ಮಾತ್ರೆ ಸ್ಟೀರಾಯ್ಡೇ ಎಂದು ತಿಳಿಯಿತು. ಪ್ರಾಸ್ಟೇಟ್ ತೊಂದರೆಗೆ ಟಾಮ್ಸುಲೋಸಿನ್, ಹೃದಯಕ್ಕೆಂದು ರಕ್ತ ತೆಳುವಾಗಿಸುವ ಒಂದು ಮಾತ್ರೆಯೂ ಇವೆ. ಶಸ್ತ್ರಚಿಕಿತ್ಸೆಗೆ ಮುನ್ನ ಇವನ್ನು ನಿಲ್ಲಿಸಬೇಕೇ? ಬಲಿಯುವವರೆಗೆ ಕಾಯುವ ವಿಷಯದಲ್ಲಿ ತಂದೆಯವರು ಇನ್ನೂ ಒಪ್ಪಿಲ್ಲ.

ನಿವೃತ್ತ ನೇತ್ರ ಸಹಾಯಕ (ಮುಳ್ಳೇರಿಯ) ಉತ್ತರ:

ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ. ಟಾಮ್ಸುಲೋಸಿನ್ ತೆಗೆದುಕೊಳ್ಳುವವರಲ್ಲಿ ಶಸ್ತ್ರಚಿಕಿತ್ಸೆಯ ನಡುವೆ ಕಣ್ಣಪಾಪೆಯ ಸುತ್ತಲಿನ ಬಣ್ಣದ ಪರದೆ ಸಡಿಲವಾಗಿ ಅಲುಗಾಡುತ್ತದೆ, ಪಾಪೆ ಕಿರಿದಾಗುತ್ತದೆ. 2005ರಲ್ಲಿ ಇದು ವೈದ್ಯರ ಗಮನಕ್ಕೆ ಬಂತು. ಮಾತ್ರೆ ಕೆಲವು ದಿನ ಬಿಟ್ಟ ಮಾತ್ರಕ್ಕೆ ಈ ಪರಿಣಾಮ ಹೋಗುವುದಿಲ್ಲ, ಆದರೆ ಮೊದಲೇ ತಿಳಿದಿದ್ದರೆ ಶಸ್ತ್ರವೈದ್ಯರು ಅದಕ್ಕೆ ಬೇಕಾದ ಸಿದ್ಧತೆ ಮಾಡಿಕೊಳ್ಳುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಈ ಚಿಕಿತ್ಸೆಗಾಗಿ ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ. ಎಲ್ಲ ಔಷಧಗಳ ಪಟ್ಟಿಯನ್ನು ವೈದ್ಯರ ಕೈಗೆ ಕೊಡಿ.

ಬಲಿಯಲಿ ಎಂಬ ಮಾತು ಹಿಂದೆ ಸರಿಯಿತ್ತು. ಡಾ. ಎಂ. ಸಿ. ಮೋದಿಯವರ ನೇತ್ರ ಶಿಬಿರಗಳ ಕಾಲದಲ್ಲಿ ಇಡೀ ಮಸೂರವನ್ನೇ ತೆಗೆದು ದಪ್ಪ ಗಾಜಿನ ಕನ್ನಡಕ ಕೊಡುತ್ತಿದ್ದರು. ಕಾಣುವಷ್ಟು ಕಾಲ ಕಾಣಲಿ ಎಂದು ಕಾಯುವುದರಲ್ಲಿ ಅರ್ಥವಿತ್ತು. ಕಣ್ಣೊಳಗೆ ಕೃತಕ ಲೆನ್ಸ್ ಇಡುವುದನ್ನು ಹೆರಾಲ್ಡ್ ರಿಡ್ಲಿ ಲಂಡನಿನಲ್ಲಿ 1949ರಲ್ಲಿ ಆರಂಭಿಸಿದರು, ಅಲ್ಟ್ರಾಸೌಂಡಿನಿಂದ ಮಸೂರವನ್ನು ಪುಡಿಮಾಡಿ ಹೀರುವ ವಿಧಾನವನ್ನು ಚಾರ್ಲ್ಸ್ ಕೆಲ್ಮನ್ 1967ರಲ್ಲಿ ತಂದರು. ಈಗ ಪೊರೆ ಗಟ್ಟಿಯಾದಷ್ಟೂ ಅದನ್ನು ಪುಡಿಮಾಡುವ ಕೆಲಸ ಕಷ್ಟವಾಗುತ್ತದೆ. ತೀರಾ ಬಲಿತ ಮಸೂರ ಊದಿಕೊಂಡು ಅಥವಾ ಸೋರಿ ಕಣ್ಣಿನ ಒತ್ತಡ ಏರಿಸಿದರೆ ದೃಷ್ಟಿನರವೇ ಹಾಳಾಗಿ, ಮತ್ತೆ ಪೊರೆ ತೆಗೆದರೂ ದೃಷ್ಟಿ ಮರಳದೆ ಇರಬಹುದು. ತಂದೆಯವರಿಗೆ ಸಕ್ಕರೆ ಇರುವುದರಿಂದ ಕಣ್ಣಿನ ಹಿಂಬದಿಯ ಪರದೆಯಾದ ಅಕ್ಷಿಪಟವನ್ನೂ ನೋಡಬೇಕು. ಪೊರೆ ದಟ್ಟವಾದರೆ ವೈದ್ಯರಿಗೆ ಅಕ್ಷಿಪಟ ಕಾಣುವುದೇ ಇಲ್ಲ. ದಿನದ ಕೆಲಸಕ್ಕೆ ಅಡ್ಡಿಯಾಯಿತೆಂದರೆ ಅದೇ ಸಮಯ. ಅಡಿಕೆ ಹೆಕ್ಕಲಾಗದ ಅಡಿಕೆ ಕೃಷಿಕರಿಗೆ ಇನ್ನೇನು ಅಡ್ಡಿಯಾಗಬೇಕು? ಋತುವಿನ ಹಂಗೂ ಇಲ್ಲ. ಸಕ್ಕರೆ ಹತೋಟಿಯಲ್ಲಿರಬೇಕು, ಕೆಮ್ಮದೆ ಅಂಗಾತ ಮಲಗಲು ಆಗಬೇಕು, ಅಷ್ಟೇ. ಮಳೆಗಾಲದಲ್ಲಿ ಅವರಿಗೆ ಉಬ್ಬಸ ಏರುವುದಾದರೆ ಅದಕ್ಕೆ ಮೊದಲೇ ಮುಗಿಸಿಕೊಳ್ಳುವುದು ಲೇಸು.

ಒಂದು ಸಣ್ಣ ವಿಷಯ ನಮ್ಮ ಕಾಸರಗೋಡು ಗಡಿಯವರಿಗಾಗಿ. ಹನಿ ಔಷಧದ ಸೂಚನೆಗಳ ಚೀಟಿ ಮಲಯಾಳದಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುವುದೇ ಹೆಚ್ಚು, ಹಿರಿಯರಿಗೆ ಓದಲು ಬರುವುದು ಕನ್ನಡ. ಯಾವ ಹನಿ ದಿನಕ್ಕೆ ಎಷ್ಟು ಸಲ, ಯಾವ ವಾರದಿಂದ ಎಷ್ಟು ಕಡಿಮೆ ಎಂಬುದನ್ನು ನರ್ಸಿನ ಎದುರಿನಲ್ಲಿಯೇ ದೊಡ್ಡ ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಬಾಟಲಿಯ ಮುಚ್ಚಳದ ಬಣ್ಣವನ್ನೂ ಅದರೆದುರು ಗುರುತಿಸಿ. ತಿಂಗಳುಗಳೋ ವರ್ಷಗಳೋ ಕಳೆದ ಬಳಿಕ ಮತ್ತೆ ಮಂಜಾದರೆ ಹೆಚ್ಚಾಗಿ ಲೆನ್ಸಿನ ಹಿಂದಿನ ತೆಳುಪೊರೆ ಮಸುಕಾಗಿರುತ್ತದೆ, ಅದನ್ನು ಲೇಸರಿನಿಂದ ಕುಳಿತಲ್ಲಿಯೇ ಸರಿಪಡಿಸುತ್ತಾರೆ. ಆದರೆ ಶಸ್ತ್ರಚಿಕಿತ್ಸೆಯಾದ ಮೊದಲ ವಾರಗಳಲ್ಲಿ ನೋವು, ಕೆಂಪು ಹೆಚ್ಚಾಗಿ ದೃಷ್ಟಿ ಇಳಿದರೆ ಮರುದಿನದ ಬಸ್ಸಿಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು.