ಆಟದ ಮರುದಿನವೇ ಕಿವಿಯ ಪರೀಕ್ಷೆ: ದಿನ ಬದಲಿಸಬೇಕೇ?

ಪ್ರಶ್ನೆ (ಸಿರಸಿ ಸಮೀಪದಿಂದ)

ನಮಸ್ಕಾರ. ನನ್ನ ಅಪ್ಪಯ್ಯನಿಗೆ ಎಪ್ಪತ್ತು ದಾಟಿದೆ. ಪ್ರಾಯದಲ್ಲಿ ಅನೇಕ ವರ್ಷ ಯಕ್ಷಗಾನ ಮೇಳದಲ್ಲಿ ಚಂಡೆ ಬಾರಿಸಿದವರು. ಈಚೆಗೆ ದನಿ ಕಿವಿಗೆ ಬೀಳುತ್ತದೆ, ಆದರೆ ಆಡಿದ್ದೇನೆಂದು ತಿಳಿಯುವುದಿಲ್ಲ ಎನ್ನುತ್ತಾರೆ; ಮೊಮ್ಮಕ್ಕಳ ಮಾತಿನಲ್ಲಿ ಇದು ಇನ್ನೂ ಹೆಚ್ಚು. ಶನಿವಾರ ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಶ್ರವಣ ಪರೀಕ್ಷೆ ನಿಗದಿಯಾಗಿದೆ. ಶುಕ್ರವಾರ ರಾತ್ರಿ ಊರಿನಲ್ಲಿ ಆಟವಿದ್ದು, ರಂಗಸ್ಥಳದ ಎದುರೇ ಕುಳಿತು ನೋಡಬೇಕೆಂಬುದು ಅವರ ಹಠ. ಹೊರಡುವ ಮುನ್ನ ಬೆಚ್ಚಗಿನ ಕೊಬ್ಬರಿ ಎಣ್ಣೆ ಬಿಟ್ಟರೆ ಕಿವಿ ಸಡಿಲಾಗುತ್ತದೆ ಎಂಬುದು ಆಯಿಯ ಅಭಿಪ್ರಾಯ. ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ (ಕುಮಟಾದಿಂದ, ಶ್ರವಣ ಪರೀಕ್ಷೆಯೇ ನನ್ನ ವೃತ್ತಿ)

ದಿನ ಬದಲಿಸಿ. ಅದು ಸಾಧ್ಯವಿಲ್ಲದಿದ್ದರೆ ಆ ರಾತ್ರಿಯ ಆಟವನ್ನು ಬಿಡಲೇಬೇಕಾಗುತ್ತದೆ. ಚಂಡೆ ಮತ್ತು ಧ್ವನಿವರ್ಧಕದ ಅಬ್ಬರದಲ್ಲಿ ಗಂಟೆಗಟ್ಟಲೆ ಕುಳಿತರೆ ಕಿವಿ ತಾತ್ಕಾಲಿಕವಾಗಿ ಮಂದವಾಗುತ್ತದೆ. ಆ ಸ್ಥಿತಿಯಲ್ಲಿ ಪರೀಕ್ಷಿಸಿದರೆ ಇರುವುದಕ್ಕಿಂತ ಹೆಚ್ಚಿನ ದೋಷ ಫಲಿತಾಂಶದ ನಕ್ಷೆಯಲ್ಲಿ (ಆಡಿಯೋಗ್ರಾಂ) ದಾಖಲಾಗಬಹುದು. ಆದ್ದರಿಂದಲೇ ಪರೀಕ್ಷೆಗೆ ಮೊದಲು ಸುಮಾರು 14ರಿಂದ 16 ಗಂಟೆ ಜೋರಾದ ಸದ್ದಿನಿಂದ ದೂರವಿರಲು ಹೇಳುತ್ತೇವೆ.

ಎಣ್ಣೆ ಬೇಡ. ಒಳಗೆ ಗುಗ್ಗೆ ಕಟ್ಟಿದೆ ಎಂಬ ಸಂಶಯವಿದ್ದರೆ ಮೊದಲೇ ಕಿವಿ, ಮೂಗು, ಗಂಟಲು ತಜ್ಞರಲ್ಲಿ ತೆಗೆಸಿಕೊಳ್ಳಿ. ಹೇರ್‌ಪಿನ್ನು, ಬೆಂಕಿಕಡ್ಡಿಗಳ ಸಾಹಸ ಖಂಡಿತ ಬೇಡ. ನಮ್ಮ ಮಳೆಗಾಲದ ತೇವದಲ್ಲಿ ಕಿವಿಯೊಳಗೆ ಶಿಲೀಂಧ್ರದ ಸೋಂಕೂ ಸಾಮಾನ್ಯ, ಹಾಗಾಗಿ ತುರಿಕೆ ಅಥವಾ ಸೋರುವಿಕೆ ಇದ್ದರೆ ಅದನ್ನೂ ಹೇಳಿ.

ಸದ್ದು ಒಳಬಾರದ ಕೊಠಡಿಯಲ್ಲಿ ಕೂರಿಸಿ, ಹೆಡ್‌ಫೋನಿನ ಮೂಲಕ ಸಾಮಾನ್ಯವಾಗಿ 250ರಿಂದ 8000 ಹರ್ಟ್ಸ್‌ವರೆಗಿನ ಸ್ವರಗಳನ್ನು ಒಂದೊಂದು ಕಿವಿಗೂ ಬೇರೆ ಬೇರೆಯಾಗಿ ಕೇಳಿಸುತ್ತಾರೆ. ಬಳಿಕ ಕಿವಿಯ ಹಿಂದಿನ ಮೂಳೆಗೆ ಕಂಪನದ ಸಾಧನವನ್ನಿಟ್ಟು, ತೊಂದರೆ ಇರುವುದು ಹೊರ ಹಾಗೂ ನಡುಗಿವಿಯಲ್ಲೋ ಅಥವಾ ಒಳಗಿವಿ, ನರದ ಕಡೆಯಲ್ಲೋ ಎಂದು ಬೇರ್ಪಡಿಸುತ್ತಾರೆ. ಬಹುಕಾಲ ಅಬ್ಬರದ ನಡುವೆ ದುಡಿದವರ ನಕ್ಷೆ ಅನೇಕ ವೇಳೆ 4000 ಹರ್ಟ್ಸ್ ಆಸುಪಾಸಿನಲ್ಲಿ ಕುಸಿದಿರುತ್ತದೆ. ಸ, ಶ, ತ ಮುಂತಾದ ವ್ಯಂಜನಗಳ ಸ್ಪಷ್ಟತೆ ಇಂಥ ಮೇಲಿನ ಸ್ವರಗಳಲ್ಲಿಯೇ ಅಡಗಿರುವುದರಿಂದ, ದನಿ ಕೇಳಿಸಿದರೂ ಮಾತು ತಿಳಿಯದಿರುವುದು ಸಹಜ. ಆದುದರಿಂದ ಚಂಡೆಯ ಸಂಗತಿಯನ್ನು ತಪ್ಪದೆ ತಿಳಿಸಿ. ಹಿಂದೆ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದು ಪಡೆದಿದ್ದರೆ ಅದನ್ನೂ ಹೇಳಬೇಕು.

ಇನ್ನೊಂದು ಮಾತು ಚಂಡೆಯವರಿಗೆಂದೇ. ಸ್ವರ ಕೇಳಿಸಿದಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು; ರೋಗಿಗಳು ಊಹಿಸಿ ಒತ್ತದಿರಲೆಂದು ಸ್ವರಗಳ ನಡುವಿನ ಅಂತರವನ್ನು ನಾವು ಬೇಕೆಂದೇ ಏರುಪೇರು ಮಾಡುತ್ತೇವೆ. ತಾಳ ಹಿಡಿದು ಅಭ್ಯಾಸವಾದ ಕೈ ಮುಂದಿನ ಪೆಟ್ಟಿಗೆ ಕಾಯುವ ಸಾಧ್ಯತೆ ಇದೆ! ಎಣಿಸದೆ, ಸ್ವರ ತೀರಾ ಕ್ಷೀಣವಾಗಿ ಕೇಳಿಸಿದರೂ ಒತ್ತಿ ಎಂದು ಅವರಿಗೆ ಮೊದಲೇ ತಿಳಿಸಿ.

ಉತ್ತರ (ಕಾರವಾರದಿಂದ)

ಮೇಲಿನವರು ಹೇಳದ ಒಂದು ವಿಷಯವಿದೆ. ಪದಗಳನ್ನು ಕೇಳಿಸಿ, ಹಾಗೆಯೇ ಮರಳಿ ಹೇಳಿಸುವ ಪರೀಕ್ಷೆಯೂ ಇರುತ್ತದೆ. ಮನೆಯಲ್ಲಿ ಕೊಂಕಣಿ ಮಾತ್ರ ಆಡುವ ನಮ್ಮ ಅತ್ತೆಯವರು ಕನ್ನಡದ ಪದಗಳಿಗೆ ತಡವರಿಸಿದಾಗ, ದೋಷ ಕಿವಿಯದೋ ಭಾಷೆಯದೋ ಎಂಬ ಗೊಂದಲವಾಯಿತು. ಮನೆಮಾತು ಯಾವುದೆಂದು ಮೊದಲೇ ತಿಳಿಸುವುದು ಉತ್ತಮ. ಜೊತೆಗೆ ಹೋದವರು ಹಿರಿಯರ ಪರವಾಗಿ ಉತ್ತರಿಸಬಾರದು, ಆದರೆ ಟಿ.ವಿ. ಎಷ್ಟು ಜೋರಾಗಿ ಇಡುತ್ತಾರೆ, ಫೋನಿನಲ್ಲಿ ಯಾವ ಕಿವಿ ಬಳಸುತ್ತಾರೆ ಎಂಬುದನ್ನು ಹೇಳಬೇಕಾದವರು ನೀವೇ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಪರೀಕ್ಷೆಯನ್ನು ಬುಧವಾರಕ್ಕೆ ಮುಂದೂಡಿಸಿದ್ದೇನೆ. ಆಟ ತಪ್ಪುವುದಿಲ್ಲವೆಂದು ತಿಳಿದ ಮೇಲೆ ಅಪ್ಪಯ್ಯನೂ ಒಪ್ಪಿದ್ದಾರೆ. ಅಂದೇ ಶ್ರವಣ ಯಂತ್ರ ಕೊಳ್ಳಲು ಹೇಳಿದರೆ ಏನು ಮಾಡಬೇಕು?

ಉತ್ತರ (ಕುಮಟಾದಿಂದ)

ಆತುರ ಬೇಡ. ನಕ್ಷೆಯ ಪ್ರತಿಯನ್ನು ಕೇಳಿ ಪಡೆದುಕೊಳ್ಳಿ. ಅದರಲ್ಲಿ ಬಲಗಿವಿಗೆ ಕೆಂಪು ವೃತ್ತ, ಎಡಗಿವಿಗೆ ನೀಲಿ ಗುಣಿಸು ಚಿಹ್ನೆ ಇರುತ್ತದೆ. ಎರಡು ಕಿವಿಗಳ ನಡುವೆ ಬಹಳ ವ್ಯತ್ಯಾಸ ಕಂಡರೆ ಯಂತ್ರದ ಮಾತಿಗೆ ಮುನ್ನ ತಜ್ಞ ವೈದ್ಯರಿಗೆ ತೋರಿಸಲೇಬೇಕು. ಇಲ್ಲವಾದರೆ, ಪ್ರಾಯೋಗಿಕವಾಗಿ ಕೆಲವು ದಿನ ಮನೆಗೆ ಕೊಡುವಿರಾ ಎಂದು ಕೇಳಿ, ಮೊಮ್ಮಕ್ಕಳ ಗಲಾಟೆಯ ನಡುವೆ ಬಳಸಿ ನೋಡಿದ ಮೇಲೆ ಹಣ ಕೊಡುವ ವಿಚಾರ ಮಾಡಿ.